ಕೊತ್ತಂಬರಿ ಸೊಪ್ಪಿನ ವಾಸನೆಯ ಮಂಚ

ಒಂದು ಮಾತು ಹೇಳಬೇಕಿತ್ತು, ನಾನು ಹೇಳಲಿಲ್ಲ. “ಅಪ್ಪನಿಗೆ ನೀನು ಹೇಳು” ಎಂದಿದ್ದ ನನ್ನ ಅಣ್ಣ ಲಿಂಗಪ್ಪ, ನನ್ನ ಬಾಯಲ್ಲಿ ಲಿಂಗಣ್ಣ. ಅವನು ಜೀವಮಾನದಲ್ಲಿ ನನ್ನ ಹತ್ತಿರ ಕೇಳಿದ್ದು ಅಷ್ಟೇ. ಹೇಳುತ್ತೇನೆ ಎಂದೆ, ಹೇಳಲಿಲ್ಲ. ಈಗ ಸೊಸೆ ಅಡುಗೆಮನೆಯಲ್ಲಿ ಕೊತ್ತಂಬರಿ ಸೊಪ್ಪು ಕೊಚ್ಚಲು ಕೂತರೆ ನಾನು ಎದ್ದು ಹೊರಗೆ ಹೋಗುತ್ತೇನೆ. “ಅತ್ತೆಗೆ ಈ ಸೊಪ್ಪು ಆಗುದಿಲ್ಲ” ಎಂದು ಅವಳು ನೆರೆಯವರ ಹತ್ತಿರ ಹೇಳುತ್ತಾಳೆ. ಸೊಪ್ಪಿನದೇನೂ ತಪ್ಪಿಲ್ಲ. ಆ ವಾಸನೆ ಮೂಗಿಗೆ ಬಡಿದ ಕೂಡಲೇ ಮಂಡೆಕೋಲಿನ ನಮ್ಮ ಮನೆಯ ಚಾವಡಿ, ಅಲ್ಲಿದ್ದ ಬೆತ್ತದ ಮಂಚ, ಅದರ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತ ಅಪ್ಪ, ಬಾಗಿಲ ಸಂದಿಯಲ್ಲಿ ನಿಂತ ಅವ್ವ ಎಲ್ಲರೂ ಎದ್ದು ಬರುತ್ತಾರೆ. ಹುಟ್ಟಿದ ಮನೆಯ ನೆನಪಾದರೆ ನಿಮಗೆ ಕಣ್ಣು ತುಂಬಿ ಬರಬಹುದು. ನನಗೂ ಬರುತ್ತದೆ. ಆದರೆ ಅದಕ್ಕಿಂತ ಮೊದಲು ಹೇಸಿಗೆ ಬರುತ್ತದೆ.

ನಮ್ಮದು ದೊಡ್ಡ ಮನೆಯಲ್ಲ, ದೊಡ್ಡಸ್ತಿಕೆಯ ಮನೆ. ಗದ್ದೆ ಸ್ವಲ್ಪ, ಮಾತು ಬಹಳ. ಹೇನು, ಕಜ್ಜಿ, ತಿಗಣೆ ಇವೆಲ್ಲ ಬೇರೆಯವರ ಮನೆಯಲ್ಲಿ ಇರುವಂಥವು ಎಂದು ಅಪ್ಪ ತೀರ್ಮಾನ ಮಾಡಿಬಿಟ್ಟಿದ್ದರು. ತಿಗಣೆ ಎಂಬ ಶಬ್ದವನ್ನೇ ನಾವು ಆಡುವ ಹಾಗಿರಲಿಲ್ಲ. ತೀರಾ ಆಡಬೇಕಾಗಿ ಬಂದರೆ ‘ಪೇಟೆ ಹುಳ’ ಎನ್ನಬೇಕು. ಪೇಟೆಯಲ್ಲಿ, ಹೋಟೆಲಿನಲ್ಲಿ, ಬಸ್ಸಿನ ಸೀಟಿನಲ್ಲಿ ಇರುವ ಹುಳ ಅದು, ಗೌಡರ ಮನೆಯಲ್ಲಿ ಅದಕ್ಕೇನು ಕೆಲಸ? ಮನೆಯಲ್ಲಿ ನಾವು ಆಡುತ್ತಿದ್ದದ್ದು ಅರೆಭಾಷೆ. ಆ ಭಾಷೆಯಲ್ಲಿ ಎಷ್ಟೊಂದು ಚಂದದ ಮಾತುಗಳಿವೆ. ನಮ್ಮ ಮನೆಯಲ್ಲಿ ಹೆಚ್ಚು ಕೇಳುತ್ತಿದ್ದದ್ದು ಮಾತ್ರ ಇನ್ನೊಬ್ಬರನ್ನು ಹೀಯಾಳಿಸುವವು.

ಸುಳ್ಯ ಆಗ ಇನ್ನೂ ತಾಲೂಕು ಆಗಿರಲಿಲ್ಲ. ಕಚೇರಿ ಕೆಲಸ ಏನಿದ್ದರೂ ಪುತ್ತೂರಿಗೇ ಹೋಗಬೇಕು. ಹಾಗೆ ಹೋದ ಅಪ್ಪ ಒಂದು ಸಲ, ಊರು ಬಿಟ್ಟು ಹೋಗುವ ಯಾರೋ ಅಧಿಕಾರಿಯ ಸಾಮಾನು ಏಲಂ ಹಾಕುವುದನ್ನು ಕಂಡು, ಒಂದು ಮಂಚ ಹಿಡಿದು ಎತ್ತಿನ ಗಾಡಿಯಲ್ಲಿ ಹೇರಿಸಿಕೊಂಡು ಬಂದರು. ಕಡೆದ ಕಾಲು, ಬೆತ್ತದ ಹೆಣಿಗೆ, ತಲೆಯ ಕಡೆ ಹೂವಿನ ಕೆತ್ತನೆ. ಗದ್ದೆಗೆ ಹೋಗುವವರನ್ನೂ ಕರೆದು ತೋರಿಸಿದರು. ಮಂಚದಿಂದ ಒಂದು ತರದ ಹಸಿ ವಾಸನೆ ಬರುತ್ತಿತ್ತು. “ಅದು ಸೀಮೆ ಪಾಲಿಶಿನ ವಾಸನೆ” ಎಂದರು ಅಪ್ಪ. “ಅದು ಗೊತ್ತಾಗ್ಬೇಕಾದ್ರೆ ಅಂಥ ಮೂಗು ಬೇಕು.” ನಮ್ಮ ಕಡೆ ಆಗ ಕೊತ್ತಂಬರಿ ಸೊಪ್ಪು ಹಾಕಿ ಅಡುಗೆ ಮಾಡುವ ಕ್ರಮ ಇರಲಿಲ್ಲ. ಅದು ಘಟ್ಟದ ಮೇಲಿಂದ ಇಳಿದು ಬರುವ ಸೊಪ್ಪು, ಹೋಟೆಲಿನವರ ಸೊಪ್ಪು. ಹಾಗಾಗಿ ವಾಸನೆ ಯಾವುದರ ಹಾಗಿದೆ ಎಂದು ನಮಗೆ ಯಾರಿಗೂ ಹೊಳೆಯಲಿಲ್ಲ, ಅಪ್ಪನ ಮೂಗನ್ನೇ ನಂಬಿದೆವು.

ಕೆಲವು ವಾರ ಕಳೆದ ಮೇಲೆ ಅಪ್ಪನ ತಲೆದಿಂಬಿನ ಮೇಲೆ ತುಕ್ಕಿನ ಬಣ್ಣದ ಕಲೆ ಕಾಣಲು ಶುರುವಾಯಿತು. “ಬಾಯಲ್ಲಿ ಎಲೆಯಡಿಕೆ ಇಟ್ಟುಕೊಂಡೇ ಮಲಗುದಾ?” ಎಂದು ಅವ್ವ ಬೈದು ದಿಂಬಿನ ಚೀಲ ಒಗೆಯಲು ಹಾಕಿದರು. ಅಪ್ಪನ ತೋಳಿನಲ್ಲಿ ಸಾಲಾಗಿ ಕೆಂಪು ದದ್ದಿನ ದಡಿಕೆ ಎದ್ದಿತು. ಅದಕ್ಕೆ ನಂಜು ಎಂದು ಹೆಸರಿಟ್ಟು ಬದನೆಕಾಯಿ ತಿನ್ನುವುದನ್ನು ಬಿಟ್ಟರು. ನಾನು ಚಾವಡಿ ಗುಡಿಸುವವಳು. ಮಂಚದ ಕೆಳಗೆ ಬಗ್ಗಿ ನೋಡಿದರೆ ಬೆತ್ತ ತೂರಿಸಿದ ತೂತುಗಳ ಸುತ್ತ ಮಸಿ ಪೆನ್ನಿನಿಂದ ಕುಟ್ಟಿದ ಹಾಗೆ ಕಪ್ಪು ಚುಕ್ಕಿ, ಸಂದಿಯಲ್ಲಿ ಅಕ್ಕಿ ನುಚ್ಚಿಗಿಂತ ಸಣ್ಣ ಬಿಳಿ ಮೊಟ್ಟೆ, ಹುರುಳಿಯ ಸಿಪ್ಪೆಯಂಥ ಒಣ ಪೊರೆ. ನಾನು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಅಲ್ಲಿ ಕಲಿತದ್ದರಲ್ಲಿ ನನ್ನ ಬಳಿ ಉಳಿದಿದ್ದ ವಿದ್ಯೆ ಒಂದೇ. ಶಾಲೆಯ ಬೆಂಚಿನಲ್ಲಿ ಇವೇ ಚುಕ್ಕಿಗಳಿದ್ದವು, ಬೆಂಚು ಕುಟ್ಟಿದರೆ ಅವು ಹೊರಗೆ ಬರುತ್ತಿದ್ದವು. ಅವ್ವನಿಗೆ ಹೇಳಿದೆ. ಅವ್ವ ನನ್ನ ಕೆನ್ನೆಗೆ ಒಂದು ಕೊಟ್ಟರು. “ನಮ್ಮ ಮನೆಯಲ್ಲಿ ಅದು ಉಂಟಾ? ಇನ್ನೊಮ್ಮೆ ಹೇಳಿದ್ರೆ ನಾಲಿಗೆಗೆ ಬರೆ ಹಾಕುದೇ.” ಆಮೇಲೆ ನನಗೂ ಏನೂ ಕಾಣಲಿಲ್ಲ. ಕಣ್ಣು ಅಷ್ಟು ಬೇಗ ಪಾಠ ಕಲಿಯುತ್ತದೆ.

ಲಿಂಗಣ್ಣ ಆಗ ಮನೆಯಲ್ಲಿರಲಿಲ್ಲ. ಅಪ್ಪನ ಹತ್ತಿರ ಜಗಳ ಮಾಡಿ ಪುತ್ತೂರಿಗೆ ಓಡಿಹೋಗಿ ಅಲ್ಲಿಯ ದರ್ಬೆಯ ಒಂದು ಹೋಟೆಲಿಗೆ ಸೇರಿದ್ದ. “ಎಂಜಲು ತಟ್ಟೆ ತೊಳೆಯುವವನು ನನ್ನ ಮಗ ಅಲ್ಲ” ಎಂದಿದ್ದರು ಅಪ್ಪ. ನನ್ನನ್ನು ನೋಡಲು ಕಡಬದ ಕಡೆಯಿಂದ ಒಂದು ಸಂಬಂಧದವರು ಬರುವುದೆಂದು ಗೊತ್ತಾದಾಗ, ಹುಡುಗಿಯ ಅಣ್ಣ ಎಲ್ಲಿ ಎಂದು ಅವರು ಕೇಳಿದರೆ ಏನು ಹೇಳುವುದು ಎಂದು ಅವ್ವ ಅತ್ತು ಕರೆದು ಅವನನ್ನು ಬರಿಸಿದರು. “ಬರಲಿ. ಮರ್ಯಾದೆಯಲ್ಲಿ ಇದ್ರೆ ಇಲ್ಲೇ ಇರಲಿ, ಗದ್ದೆ ಉಂಟಲ್ಲ” ಎಂದರು ಅಪ್ಪ. ಅಪ್ಪನ ಬಾಯಿಯಲ್ಲಿ ಅದು ದೊಡ್ಡ ಮಾತು. ಲಿಂಗಣ್ಣ ಒಂದು ಚಾಪೆ, ಒಂದು ಕಂಬಳಿ ಸುತ್ತಿಕೊಂಡು, ನನಗೆ ಪೇಪರಿನಲ್ಲಿ ಬೋಂಡ ಕಟ್ಟಿಸಿಕೊಂಡು ಬಂದ. ಬೋಂಡದಲ್ಲಿ ಹಸಿರು ಸೊಪ್ಪು. ನಾನು ಮೂಸಿದೆ, ಗುರುತು ಸಿಕ್ಕಿತು. “ಅಣ್ಣ, ಇದಕ್ಕೆ ಅಪ್ಪನ ಮಂಚದ ಪಾಲಿಶಿನ ವಾಸನೆ” ಎಂದೆ.

ಅವನು ಮಂಚದ ಹತ್ತಿರ ಹೋಗಿ ಮೂಸಿದ, ಬಗ್ಗಿ ನೋಡಿದ. ಎದ್ದವನು ನಗು ತಡೆಯಲಾರದೆ ಹೆಗಲ ಮೇಲಿನ ಬೈರಾಸನ್ನು ಬಾಯಿಗೆ ಒತ್ತಿಕೊಂಡ. “ಪಾಲಿಶಾ ಮಾರಾಯ್ತಿ? ಆ ಸೊಪ್ಪು ನಾನು ದಿನಾ ಕೊಚ್ಚುದು. ಇದು ಸೊಪ್ಪೂ ಅಲ್ಲ, ಪಾಲಿಶೂ ಅಲ್ಲ. ಅಪ್ಪ ಏಲಂನಲ್ಲಿ ಮಂಚ ತಕೊಂಡದ್ದಲ್ಲ, ತಿಗಣೆ ತಕೊಂಡದ್ದು. ಮಂಚ ಪುಕ್ಕಟೆ ಬಂದದ್ದು.” ಇಬ್ಬರೂ ನಕ್ಕೆವು. ಅವನ ಜೊತೆ ನಕ್ಕದ್ದು ಅದೇ ಕೊನೆ. ಆಮೇಲೆ ಅವನು ದನಿ ತಗ್ಗಿಸಿ ಹೇಳಿದ: “ನಾಳೆ ಅವರು ಬರುದಲ್ಲ ಪೂವಿ, ಇವತ್ತೇ ಇದನ್ನು ಅಂಗಳಕ್ಕೆ ಹಾಕಿ ಕುದಿಯುವ ನೀರು ಹೊಯ್ಯಬೇಕು. ನಾನು ಹೇಳಿದ್ರೆ ಹೋಟೆಲಿನ ಬುದ್ಧಿ ಅಂತಾರೆ. ಅಪ್ಪನಿಗೆ ನೀನು ಹೇಳು.” ಹೇಳುತ್ತೇನೆ ಎಂದೆ. ಸಂಜೆ ಅಪ್ಪ ಮಂಚದ ಕಾಲಿಗೆ ತೆಂಗಿನೆಣ್ಣೆ ತಿಕ್ಕುತ್ತಿದ್ದರು. ಹತ್ತಿರ ಹೋಗಿ ನಿಂತೆ. “ಎಂತ?” ಎಂದರು. “ಎಂತ ಇಲ್ಲ” ಎಂದೆ. ಹೆದರಿಕೆ ಇತ್ತು, ಅದು ನಿಜ. ಅದಕ್ಕಿಂತ ದೊಡ್ಡ ನಿಜ ಏನೆಂದರೆ, ಕಡಬದವರು ಆ ಹೂವಿನ ಕೆತ್ತನೆಯ ಮಂಚದ ಮೇಲೆ ಕೂತೇ ನನ್ನನ್ನು ನೋಡಬೇಕು ಎಂಬ ಆಸೆ ನನಗೂ ಇತ್ತು. ನಾನು ಅಪ್ಪನ ಮಗಳೇ.

ಮರುದಿನ ಹುಡುಗನ ಮಾವ ಮಂಚದ ಮೇಲೆ ಕೂತರು. ಬಿಳಿ ಅಂಗಿ, ಭಾರಿ ಗಾತ್ರದ ಮನುಷ್ಯ. ನಾನು ಕಾಫಿ ಹಿಡಿದುಕೊಂಡು ಎದುರು ಬಗ್ಗಿದಾಗ, ಅವರ ತೋಳಿನ ಮೇಲೆ ಕೆಂಪಗೆ ಒಂದು ತಿಗಣೆ ಯಾವ ಗಡಿಬಿಡಿಯೂ ಇಲ್ಲದೆ, ತನ್ನ ಮನೆಯ ಅಂಗಳದಲ್ಲಿ ನಡೆಯುವ ಯಜಮಾನನ ಹಾಗೆ ನಡೆಯುತ್ತಿತ್ತು. ಅವರೂ ಕಂಡರು. “ಎಂತ ಗೌಡ್ರೆ, ನನಗಿಂತ ಮೊದಲು ಬಂದ ನೆಂಟರು ಯಾರೋ ಇದ್ದಾರೆ ಮಾರಾಯ್ರೆ” ಎಂದರು. ಅಪ್ಪನ ಮುಖ ಒಂದು ಗಳಿಗೆ ಬೂದಿಯ ಬಣ್ಣಕ್ಕೆ ತಿರುಗಿತು. ಮರುಗಳಿಗೆಯಲ್ಲಿ ಅವರ ಕಣ್ಣು ಮೂಲೆಯಲ್ಲಿದ್ದ ಲಿಂಗಣ್ಣನ ಚಾಪೆಯ ಸುರುಳಿಯ ಮೇಲೆ ಬಿತ್ತು. “ಪೇಟೆ ಹುಳ” ಎಂದರು. “ನಿನ್ನೆ ಇವ ಹೋಟೆಲಿಂದ ಹೊತ್ತುಕೊಂಡು ಬಂದದ್ದು. ನಮ್ಮ ಮನೆಯಲ್ಲಿ ಇಂಥದ್ದು ಇಲ್ಲ.”

ಲಿಂಗಣ್ಣ ನನ್ನನ್ನು ನೋಡಿದ. ನಾನು ತಟ್ಟೆಯ ಲೋಟಗಳನ್ನು ನೋಡಿದೆ. ಅವನಿಗೆ ಅಷ್ಟರಲ್ಲೇ ಎಲ್ಲ ಗೊತ್ತಾಗಿರಬೇಕು. ಅವನು ಬಾಯಿ ಬಿಟ್ಟಿದ್ದರೆ ಸಂಬಂಧ ಅಲ್ಲಿಗೇ ಮುರಿಯುತ್ತಿತ್ತು. “ಇರಬಹುದು” ಎಂದ. “ನನ್ನ ಕಂಬಳಿಯಿಂದಲೇ ಇರಬಹುದು.” ಅಪ್ಪ ಅವರೆದುರೇ ಆ ಚಾಪೆ, ಕಂಬಳಿಯನ್ನು ಅಂಗಳಕ್ಕೆ ಬಿಸಾಡಿ ಬೆಂಕಿ ಕೊಡಿಸಿದರು. ಉಣ್ಣೆ ಸುಟ್ಟ ನಾತ ಚಾವಡಿ ತುಂಬಿತು. ಕಡಬದವರು ನಮ್ಮ ಮನೆಯ ಶುಚಿತ್ವ ನೋಡಿ ತಲೆದೂಗಿದರು. ಊಟಕ್ಕೆ ಎಲೆ ಹಾಕುವ ಮೊದಲೇ ಲಿಂಗಣ್ಣನನ್ನು ಕಳಿಸಿಯಾಗಿತ್ತು. ಬರಿಗೈಯಲ್ಲಿ ಗದ್ದೆ ಬದಿಯ ಮಣ್ಣಿನ ಹುಣಿಯ ಮೇಲೆ ನಡೆದು ಹೋದ, ತಿರುಗಿ ನೋಡಲಿಲ್ಲ.

ಸಂಬಂಧ ಕೂಡಿತು. ಈ ಮನೆ, ಈ ಮಕ್ಕಳು, ಈ ಸೊಸೆ ಎಲ್ಲ ಅದರದ್ದೇ. ಮಂಚ ಅಲ್ಲೇ ಉಳಿಯಿತು. ಕಂಬಳಿ ಸುಟ್ಟ ಮೇಲೂ ಅಪ್ಪ ತುರಿಸಿಕೊಂಡರು, ಅವ್ವ ತುರಿಸಿಕೊಂಡರು, ಮದುವೆಯಾಗಿ ಹೋಗುವವರೆಗೆ ನಾನೂ ತುರಿಸಿಕೊಂಡೆ. ಎಲ್ಲರೂ ಮರ್ಯಾದೆಯಿಂದ, ಒಬ್ಬರಿಗೊಬ್ಬರು ಕಾಣದ ಹಾಗೆ. ಕೊನೆಗೆ ಗೋಡೆಯ ಬಿರುಕಿನಲ್ಲಿ, ದೇವರ ಪಟದ ಹಿಂದೆ ಎಲ್ಲ ಅವೇ. ಆ ಮನೆಯಲ್ಲಿ ಸುಳ್ಳು ಹೇಳದೆ ಬದುಕಿದ ಜೀವ ಅದೊಂದೇ. ಅಪ್ಪ, ಅವ್ವ ಹೋದರು. ಮನೆ ಬಿದ್ದ ಜಾಗದಲ್ಲಿ ಈಗ ಯಾರದೋ ರಬ್ಬರ್ ಇದೆ. ಒಮ್ಮೆ ಹೋಗಿ ನಿಂತಿದ್ದೆ. ಚಾವಡಿ ಎಲ್ಲಿತ್ತೆಂದು ಗೊತ್ತಾಗಲಿಲ್ಲ. ಅವ್ವ ಮುಸ್ಸಂಜೆ ಹಚ್ಚುತ್ತಿದ್ದ ದೀಪದ ಎಣ್ಣೆಯ ವಾಸನೆಯನ್ನು ನೆನಪಿಗೆ ತಂದುಕೊಳ್ಳಲು ನೋಡಿದೆ, ಬರಲಿಲ್ಲ. ಬಂದದ್ದು ಮಂಚದ ಆ ಇನ್ನೊಂದು ವಾಸನೆಯೇ.

ಲಿಂಗಣ್ಣ ಈಗಿಲ್ಲ. ನೆಟ್ಟಣದಲ್ಲಿ ರೈಲು ಸ್ಟೇಷನ್ ಆದ ಮೇಲೆ ಅದರ ಹತ್ತಿರ ಅವನದೇ ಒಂದು ಸಣ್ಣ ಹೋಟೆಲು ಇತ್ತು. ಎಷ್ಟೋ ವರ್ಷ ಆ ದಾರಿಯಲ್ಲಿ ಹೋಗುವಾಗ ಅದು ಕಾಣದ ಹಾಗೆ ನಾನು ಬಸ್ಸಿನ ಇನ್ನೊಂದು ಬದಿಯ ಕಿಟಕಿಯಲ್ಲಿ ಕೂತದ್ದುಂಟು. ಒಂದು ದಿನ ಇಳಿದೆ. ಬೆಂಚು ತುಂಬ ರೈಲಿಗೆ ಕಾಯುವ ಜನ. ಅವನು ಮಣೆಯ ಮೇಲೆ ಸೊಪ್ಪು ಕೊಚ್ಚುತ್ತಿದ್ದ, ತಲೆ ಪೂರಾ ಬೆಳ್ಳಗಾಗಿತ್ತು. “ಕೂತ್ಕೊ ಪೂವಿ. ಬೆಂಚಿಗೆ ವಾರಕ್ಕೊಮ್ಮೆ ಬಿಸಿನೀರು ಹೊಯ್ತೇನೆ, ಹೆದರ್ಬೇಡ” ಎಂದ. ತಮಾಷೆಗೇ ಹೇಳಿದ್ದು. ನಾನು ಕೂರಲಿಲ್ಲ. ನಮ್ಮ ಮನೆಯಲ್ಲಿ ಯಾರೂ ಗಟ್ಟಿಯಾಗಿ ಆಡದ ಆ ಶಬ್ದವನ್ನು, ಅಷ್ಟು ಜನ ಕೇಳುವ ಹಾಗೆ, ನಿಂತೇ ಆಡಿದೆ.

“ಅಣ್ಣ, ಅದು ಪೇಟೆ ಹುಳ ಅಲ್ಲ. ತಿಗಣೆ. ನಮ್ಮ ಮನೆಯ ಮಂಚದ್ದೇ. ನನಗೆ ಗೊತ್ತಿತ್ತು, ನಾನು ಹೇಳ್ಲಿಲ್ಲ. ನನ್ನದು ತಪ್ಪಾಯ್ತು ಅಣ್ಣ.”