ಆಸ್ಪತ್ರೆ ಮೈಲಿಗೆ

ಎಪ್ಪತ್ತರ ದಶಕದಲ್ಲಿ ನಾನು ಹಿರಿಯೂರು ಸೀಮೆಯ ಹಳ್ಳಿಗಳಿಗೆ ನರ್ಸಾಗಿದ್ದೆ. ಹೆರಿಗೆಗೆ ಆಸ್ಪತ್ರೆಗೆ ಬನ್ನಿ ಎಂದು ಬಸುರಿಯರನ್ನು ಕರೆಯುವುದು ನನ್ನ ಕೆಲಸ. ಕರೆದೂ ಕರೆದೂ ಗಂಟಲು ಹರಿಯಿತೇ ಹೊರತು, ಕುರಿಗಾಹಿಗಳ ಒಂದು ಹಟ್ಟಿಯಿಂದ ಒಬ್ಬಳೂ ಬಂದಿರಲಿಲ್ಲ. ಅಲ್ಲಿ ಹೆರಿಗೆಯೆಂದರೆ ಸೂತಕ. ನೋವು ಶುರುವಾದವಳನ್ನು ಮುಳ್ಳುಬೇಲಿಯಾಚೆಯ ಸೋಗೆ ಗುಡಿಸಲಿಗೆ ಅಟ್ಟುತ್ತಿದ್ದರು. ಹೆತ್ತ ಮೇಲೂ ಸೂತಕ ಕಳೆಯುವವರೆಗೆ ಕೂಸು ಕಟ್ಟಿಕೊಂಡು ಅವಳು ಅಲ್ಲೇ ಬಿದ್ದಿರಬೇಕು.

ಆ ಹಟ್ಟಿಯ ಸೊಸೆಯೊಬ್ಬಳ ಚೊಚ್ಚಲು ಕೂಸು ಆ ಗುಡಿಸಲಲ್ಲೇ ಸತ್ತಿತ್ತು. ಅವಳು ಮತ್ತೆ ಬಸುರಿಯಾದಾಗ ನಾನು ಅತ್ತೆಯ ಬೆನ್ನು ಬಿದ್ದೆ. ಗೋಗರೆದೆ, ಬೈದೆ. ಮುದುಕಿ ಜಗ್ಗಲಿಲ್ಲ. ಕೊನೆಗೆ ಒಂದು ಮಾತು ಹೊಳೆಯಿತು.

"ಅಲ್ಲಮ್ಮ, ಹೆಂಗೂ ಹೊರಗೆ ಹಾಕ್ತೀರಿ. ಆಸ್ಪತ್ರೆನೂ ನಿಮ್ಮ ಹಟ್ಟಿ ಹೊರಗೇ ಐತಲ್ಲ?"

ಮುದುಕಿ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿದಳು. "ಅದೂ ದಿಟವೇ. ಕರ್ಕಂಡೋಗು ತಾಯಿ."

ಗೆದ್ದೆ ಅಂದುಕೊಂಡೆ. ಹೆರಿಗೆ ಸಲೀಸಾಗಿ ಆಯಿತು, ದುಂಡನೆಯ ಗಂಡು ಕೂಸು. ಸೊಸೆ ಮಂಚದ ಮೇಲೆ ಅಂಗಾತ ಮಲಗಿ ತಾರಸಿಯನ್ನೇ ನೋಡುತ್ತಿದ್ದಳು. "ಇಲ್ಲಿ ಸೋರಲ್ಲ ಅಲ್ವಾ ನರ್ಸಮ್ಮ?" ಎಂದು ಕೇಳಿದಳು.

ತಾಯಿ ಮಗುವನ್ನು ನಾನೇ ಹಟ್ಟಿಗೆ ಕರೆತಂದೆ. ಮುದುಕಿ ಬೇಲಿಯ ಬಳಿಯೇ ತಡೆದು ಗುಡಿಸಲಿನತ್ತ ಕೈ ತೋರಿಸಿದಳು.

"ಹೆರಿಗೆ ಆತಲ್ಲ, ಇನ್ಯಾಕೆ ಅಲ್ಲಿಗೆ?"

"ಹೆತ್ತ ಸೂತಕ ಒಂದು, ಆಸ್ಪತ್ರೆ ಮೈಲಿಗೆ ಇನ್ನೊಂದು. ಆ ಮಂಚದ ಮ್ಯಾಲೆ ಯಾವ್ಯಾವ ಜಾತಿಯೋರು ಹೆತ್ತವ್ರೋ ಯಾರಿಗೆ ಗೊತ್ತು. ಎರಡೂ ಕಳಿಯಗಂಟ ಇರ್ಲಿ."

ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಇದಕ್ಕೇ. "ನೀನೂ ಒಂದು ಹೆಣ್ಣಾ?" ಎಂದು ಬಾಯಿಗೆ ಬಂದಂತೆ ಬೈದೆ. ಕೂಸಿನ ಅಪ್ಪ ಅಲ್ಲೇ ನಿಂತಿದ್ದ. ಕುರಿಮರಿಯೊಂದನ್ನು ಎತ್ತಿಕೊಂಡು ತಲೆ ತಗ್ಗಿಸಿ ಒಳಗೆ ಹೋದ.

ಆ ವಾರವೇ ಜಡಿಮಳೆ ಹಿಡಿಯಿತು. ಹಳ್ಳದ ನೀರು ಇಳಿದ ಮೇಲೆ ನಾನು ಹೋಗುವಷ್ಟರಲ್ಲಿ ಕೂಸನ್ನು ಮಣ್ಣು ಮಾಡಿದ್ದರು. ಸೊಸೆ ಸೋರುವ ಗುಡಿಸಲಲ್ಲಿ ಒದ್ದೆ ಸೀರೆಯಲ್ಲಿ ಕೂತಿದ್ದಳು. ಮುದುಕಿಯ ಮನೆಯೊಳಗೆ, ಒಲೆಯ ಪಕ್ಕ, ಎಳೆ ಕುರಿಮರಿಗಳನ್ನು ಮಂಕರಿ ಬುಟ್ಟಿ ಕವುಚಿ ಬೆಚ್ಚಗಿಟ್ಟಿದ್ದರು.

ಮುಂದಿನ ವರ್ಷ ಅದೇ ಹಟ್ಟಿಯ ಇನ್ನೊಬ್ಬ ಬಸುರಿಯನ್ನು ಕರೆಯಲು ಹೋದೆ. ಮುದುಕಿ ಸೊಸೆಯನ್ನು ಕರೆದುಕೊಂಡು ಅಲ್ಲಿಗೂ ಬಂದಳು. "ಆಸ್ಪತ್ರೆ ಕೂಸು ಉಳಿಯಲ್ಲ. ಬೇಕಾದ್ರೆ ನನ್ನ ಸೊಸೇನೇ ಕೇಳ್ರಿ" ಎಂದಳು.

ಎಲ್ಲರೂ ಸೊಸೆಯ ಕಡೆ ನೋಡಿದರು. "ಹೌದು, ಉಳಿಯಲ್ಲ" ಎಂದಳು ಅವಳು.

ನಾನು ಸಿಟ್ಟಿನಿಂದ ಹೊರಟೆ. ಅವಳು ಬೇಲಿಯಾಚೆವರೆಗೂ ಹಿಂದೆ ಬಂದಳು.

"ಹಂಗನ್ನದಿದ್ರೆ, ಗುಡಿಸಲು ಸೋರಿ ಮಳೆಗೆ ಕೂಸು ಹೋತು, ಅತ್ತೇದೇ ತಪ್ಪು ಅಂದಂಗಾಗತೈತೆ ನರ್ಸಮ್ಮ. ಆಮೇಲೆ ನನ್ನ ಒಳಗೆ ಬಿಟ್ಕಳಲ್ಲ."

ಆಮೇಲೆ ಗುಡಿಸಲಿನತ್ತ ಕೈ ತೋರಿಸಿದಳು. ಅದಕ್ಕೆ ಹೊಸ ಸೋಗೆ ಬಿದ್ದಿತ್ತು.

"ಆ ಬಸುರಿಗೆ ಅಂತ ನಾನೇ ಹೊಚ್ಚಿದೆ. ಈ ಸಲ ದಪ್ಪಗೆ ಹಾಕಿದೀನಿ."