ಇಲಕ್ಕಿಯಾ ಬರೆದ ಹನ್ನೊಂದು ಪುಸ್ತಕಗಳು

ತಮಿಳು ಸೀಮೆಯ ನೆಗಮಂ ಊರಿನ ನೇಕಾರರ ಬೀದಿಯಲ್ಲಿ ಅರ್ಜಿ ಬರೆಸಬೇಕಾದವರು ಇಲಕ್ಕಿಯಾಳನ್ನು ಹುಡುಕಿಕೊಂಡು ಬರುತ್ತಿದ್ದರು. ಮನೆಯಲ್ಲಿ ಆಡುವುದು ಕನ್ನಡವಾದರೂ ಬರೆಯುವುದಕ್ಕೆ ತಮಿಳೇ. ಅವಳ ಅಕ್ಷರ ದುಂಡು. ಅಪ್ಪ ದಂಡಪಾಣಿ ಮಗ್ಗದ ಗುಂಡಿಯಲ್ಲಿ ಕಾಲಿಟ್ಟುಕೊಂಡೇ ಹೇಳುತ್ತಿದ್ದ: "ನಮ್ಮ ಪಾಪು ಬರೆದ್ರೆ ಸೀರೆ ಅಂಚು ಇದ್ದಂಗೆ ಇರ್ತದೆ."

ಅವಳು ಪ್ಲಸ್ ಟೂ ಮುಗಿಸಿದ ವರ್ಷ ಪಲ್ಲಡಂ ಕಡೆಯ ನೂಲಿನ ಗಿರಣಿಯವರು ಬೀದಿಗೆ ಬಂದರು. ಮೂರು ವರ್ಷ, ವಾರಕ್ಕೆ ನಾಲ್ಕು ದಿನ ಕೆಲಸ, ಎರಡು ದಿನ ಪಾಠ, ಕೊನೆಗೆ ಕಾಲೇಜಿನ ಪದವಿ. ಆ ಮನೆಯಲ್ಲಿ ಅದುವರೆಗೆ ಯಾರೂ ಪದವಿ ಕಂಡಿರಲಿಲ್ಲ. ಇಲಕ್ಕಿಯಾ ಎದುರು ಮನೆಯ ಜನನಿಯನ್ನೂ ಹೊರಡಿಸಿದಳು. ಜನನಿಯ ಅಮ್ಮ ಸಾಂತಿ ಹಿಂಜರಿದಾಗ, "ನಾನಿದೀನಲ್ಲ ಅತ್ತೆ" ಅಂದವಳು ಇವಳೇ.

ನಿಯಮದ ಪ್ರಕಾರ ಪ್ರತಿಯೊಬ್ಬ ವಿದ್ಯಾರ್ಥಿನಿಯೂ ಗಿರಣಿಯ ಎಲ್ಲ ಮೆಷಿನ್ನುಗಳ ಕೆಲಸ ಕಲಿಯಬೇಕು, ಕಲಿತದ್ದನ್ನು ದಿನದಿನವೂ ಒಂದು ಪುಸ್ತಕದಲ್ಲಿ ಬರೆದು ಸಹಿ ಮಾಡಬೇಕು. ಆದರೆ ನೂಲು ತೆಗೆಯುವ ವಿಭಾಗದಲ್ಲಿ ಆಳು ಕಡಿಮೆಯಿತ್ತು. ಇವರ ತಂಡದ ಹನ್ನೊಂದು ಹುಡುಗಿಯರೂ ಮೂರು ವರ್ಷ ಅಲ್ಲಿಯೇ, ಹರಿದ ಎಳೆಯನ್ನು ಗಂಟು ಹಾಕುತ್ತ ಓಡಾಡಿದರು. ಪುಸ್ತಕಗಳು ಖಾಲಿ ಉಳಿದವು.

ಕಾಲೇಜಿನವರು ಪುಸ್ತಕ ನೋಡಲು ಬರುವುದಕ್ಕೆ ಒಂದು ತಿಂಗಳು ಮುಂಚೆ ತರಬೇತಿ ಅಧಿಕಾರಿ ಭೂಪತಿ ಹನ್ನೊಂದನ್ನೂ ತಂದು ಗಿರಣಿಯ ಹಾಸ್ಟೆಲಿನಲ್ಲಿ ಇಲಕ್ಕಿಯಾಳ ಮೇಜಿನ ಮೇಲಿಟ್ಟ. "ನಿನ್ನ ಅಕ್ಷರ ಚೆನ್ನಾಗಿದೆ ಅಮ್ಮಣಿ. ಎಲ್ಲರದ್ದೂ ಬರೆದುಬಿಡು."

ಇಲಕ್ಕಿಯಾ ಅದನ್ನೂ ಶ್ರದ್ಧೆಯಿಂದಲೇ ಮಾಡಿದಳು. ಒಂದೊಂದು ಪುಸ್ತಕಕ್ಕೆ ಒಂದೊಂದು ರೀತಿ ಅಕ್ಷರ ಓರೆ ಮಾಡಿದಳು, ವಾಕ್ಯ ಬದಲಿಸಿದಳು.

"ನಾನಿವತ್ತು ಏನ್ ಕಲ್ತೆ, ಸೊಲ್ಪ ಹೇಳೆ," ಎಂದಳು ಮಂಚದ ಮೇಲೆ ಬಿದ್ದಿದ್ದ ಜನನಿ.

"ಕಾರ್ಡಿಂಗ್ ಮೆಷಿನ್ ಕ್ಲೀನ್ ಮಾಡೋದು."

"ಆಹಾ. ಅದು ಆನೆ ತರ ಇರ್ತದಾ, ಎಮ್ಮೆ ತರ ಇರ್ತದಾ?"

"ಹತ್ತಿ ಬಾಚೋ ಮೆಷಿನ್ ಕಣೆ. ಇರು, ನಿನಗೊಂದು ಬೈಗುಳ ಸೇರಿಸ್ತೀನಿ. ತಪ್ಪೇ ಇಲ್ಲದ ಪುಸ್ತಕ ಯಾರು ನಂಬ್ತಾರೆ?"

ಅವಳು ಬರೆದಳು: 'ಮೆಷಿನ್ನಿನ ಉರುಳೆ ತಿರುಗುತ್ತಿರುವಾಗಲೇ ಮುಚ್ಚಳ ತೆಗೆದೆ. ಮೇಲ್ವಿಚಾರಕಿ ಗದರಿಸಿದರು. ಉರುಳೆ ಪೂರ್ತಿ ನಿಲ್ಲುವವರೆಗೆ ಕೈ ಹಾಕಬಾರದೆಂದು ಕಲಿತೆ.' ಜನನಿ ಓದದೆ ಸಹಿ ಹಾಕಿದಳು. ಕಾಲೇಜಿನವರು ಬಂದು, ಪುಸ್ತಕಗಳನ್ನು ಮೆಚ್ಚಿಕೊಂಡು ಹೋದರು.

ಹತ್ತು ದಿನಕ್ಕೆ ಕಾರ್ಡಿಂಗ್ ವಿಭಾಗಕ್ಕೆ ಆಳು ಬರಲಿಲ್ಲವೆಂದು ಜನನಿಯನ್ನು ಕಳಿಸಿದರು. ಸಿಕ್ಕಿಕೊಂಡ ಹತ್ತಿ ತೆಗೆಯಲು ಅವಳು ಸ್ವಿಚ್ ಆರಿಸಿ ಮುಚ್ಚಳ ಎತ್ತಿದಳು. ಸ್ವಿಚ್ ಆರಿಸಿದ ಮೇಲೂ ಒಳಗಿನ ಉರುಳೆ ಬಹಳ ಹೊತ್ತು ತಿರುಗುತ್ತದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಬಲಗೈಯ ಮೂರು ಬೆರಳು ಹೋದವು.

ಕಾರ್ಮಿಕ ಇಲಾಖೆಯವರು ನಡೆಸಿದ ವಿಚಾರಣೆಯಲ್ಲಿ ಭೂಪತಿ ಆ ಪುಟ ತೆರೆದು ಓದಿದ. ಕಲಿಸಿದ್ದೇವೆ, ಒಮ್ಮೆ ಗದರಿಸಿಯೂ ಇದ್ದೇವೆ, ಇಗೋ ಅವಳದೇ ಸಹಿ. ತಪ್ಪು ಪೂರ್ತಿ ಅವಳದು ಎಂದ. ಮರುದಿನ ಹೇಳಿಕೆ ಕೊಡಬೇಕಿದ್ದವಳು ಇಲಕ್ಕಿಯಾ. ಭೂಪತಿ ಹೊರಗೆ ಅವಳನ್ನು ತಡೆದು ಮೆಲ್ಲಗೆ ಹೇಳಿದ: "ಪುಸ್ತಕ ಸುಳ್ಳೆಂದರೆ ಹನ್ನೊಂದು ಜನರ ಪದವಿಯೂ ಸುಳ್ಳು. ಪದವಿ ಕೈಗೆ ಬರೋಕೆ ಇನ್ನು ಇಪ್ಪತ್ತೇ ದಿನ ಇದೆ ಅಮ್ಮಣಿ."

ಅವಳು ಅಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದಳು. ಆ ಕಡೆ ಮಗ್ಗದ ಸದ್ದು ನಿಂತಿತು.

"ಆ ಸಾಲು ನೀನೇ ಬರೆದದ್ದಾ?"

"ಹ್ಞೂಂ ಅಪ್ಪಾ."

"ಮತ್ತೆ ನನ್ನ ಏನ್ ಕೇಳ್ತಿ, ಕಂದಾ?"

ಇಲಕ್ಕಿಯಾ ನಿಜ ಹೇಳಿದಳು. ತಪ್ಪು ಜನನಿಯದೆಂಬ ಮಾತನ್ನು ವರದಿಯಿಂದ ತೆಗೆದುಹಾಕಿದರು. ಚಿಕಿತ್ಸೆಯ ಹೊಣೆ ಗಿರಣಿಗೆ ಬಿತ್ತು. ಹನ್ನೊಂದು ಪದವಿಗಳೂ ರದ್ದಾದವು. ಉಳಿದ ಒಂಬತ್ತು ಹುಡುಗಿಯರು ಅವಳ ಜೊತೆ ಮಾತು ಬಿಟ್ಟರು. ಭೂಪತಿ ಅದೇ ಕುರ್ಚಿಯಲ್ಲಿ ಉಳಿದ. ಹೊಸ ತಂಡಕ್ಕೆ ಪುಸ್ತಕ ಬೇಡ, ಫೋನಿನಲ್ಲಿ ಫೋಟೋ ಸಾಕು ಎಂದಾಯಿತು. ಹುಡುಗಿಯರು ಒಂದೊಂದು ಮೆಷಿನ್ನಿನ ಪಕ್ಕ ನಿಂತು ಫೋಟೋ ತೆಗೆಸಿಕೊಂಡು, ಎಳೆ ಗಂಟು ಹಾಕಲು ವಾಪಸು ಹೋಗುತ್ತಾರಂತೆ.

ಆಷಾಢದ ಹೊತ್ತಿಗೆ, ಆಡಿ ತಿಂಗಳಲ್ಲಿ, ಊರಿಗೆ ಮರಳಿದ್ದ ಇಲಕ್ಕಿಯಾ ಎದುರು ಮನೆಗೆ ಹೋದಳು. ಸಾಂತಿ ಎದ್ದು ಒಳಗೆ ಹೋದಳು, ಬಾ ಎನ್ನಲಿಲ್ಲ. ಜನನಿ ನೆಲದ ಮೇಲೆ ಕೂತು ಎಡಗೈಯಲ್ಲಿ ಏನೋ ಬರೆಯುತ್ತಿದ್ದಳು. ಬೇರೆ ಕಾಲೇಜಿನಲ್ಲಿ ಮೊದಲ ವರ್ಷಕ್ಕೆ ಸೇರಿಸಿಕೊಳ್ಳಿ ಎಂಬ ಅರ್ಜಿ.

"ಕೈನೂ ಹೋಯ್ತು, ಡಿಗ್ರೀನೂ ಹೋಯ್ತು," ಎಂದಳು ತಲೆಯೆತ್ತದೆ. "ಎರಡ್ರಲ್ಲಿ ಒಂದಾದ್ರೂ ನೀನು ನಂಗೆ ಬಿಟ್ಟಿರ್ಬೌದಿತ್ತು."

ಇಲಕ್ಕಿಯಾ ಕಾಗದದ ಕಡೆ ಬಗ್ಗಿದಳು. ಅಕ್ಷರಗಳು ಒಂದರ ಮೇಲೊಂದು ಬೀಳುತ್ತಿದ್ದವು, ಕಾಗದ ಜಾರುತ್ತಿತ್ತು. "ಕೊಡೆ, ನಾನು ಬರೆದುಕೊಡ್ತೀನಿ," ಎಂದು ಕೈಚಾಚಿದಳು.

"ಬೇಡ. ನೀನು ಬರೆದದ್ದು ಸಾಕು."

ಇನ್ನೊಂದು ಸಾಲು ಬರೆದು ಜನನಿಯೇ ಹೇಳಿದಳು: "ಕಾಗದ ಅಲುಗಾಡ್ತದೆ. ಆ ಮೂಲೆ ಹಿಡ್ಕೋ."

ಇಲಕ್ಕಿಯಾ ಎರಡೂ ಕೈಯಿಂದ ಕಾಗದವನ್ನು ನೆಲಕ್ಕೆ ಒತ್ತಿ ಹಿಡಿದಳು.