ಬೆಕ್ಕಿನ ಪಾಲಿನ ಹಾಲು

ನಿಪ್ಪಾಣಿ ಬಸ್ ನಿಲ್ದಾಣದಲ್ಲಿ ಚಹಾದಂಗಡಿ ಇಟ್ಟ ಹೆಂಗಸು ಆ ಮರಿಯನ್ನು ನನ್ನ ಕೈಗೆ ಕೊಟ್ಟಾಗ ಅದರ ಒಂದು ಕಣ್ಣು ಗೀಜು ಕಟ್ಟಿ ಪೂರ್ತಿ ಮುಚ್ಚಿಹೋಗಿತ್ತು. ಮೂಗು ಸೋರುತ್ತಿತ್ತು. "ಘೇಊನ ಜಾ ಅಕ್ಕಾ, ಇಥಂ ಮರೇಲ ತೇ" ಅಂದಳು. ತಗೊಂಡು ಹೋಗು, ಇಲ್ಲಿದ್ದರೆ ಸಾಯುತ್ತದೆ ಅಂತ. ನಾನು ಕಂಡಕ್ಟರು. ಕೈ ಮಾಡಿದವರನ್ನು ಬಿಟ್ಟು ಹೋಗುವ ಬಸ್ಸುಗಳ ಮೇಲೆ ನನಗೆ ಮೊದಲಿನಿಂದಲೂ ಸಿಟ್ಟು. ಮರಿಯನ್ನು ಶಾಲಿನಲ್ಲಿ ಸುತ್ತಿಕೊಂಡು ಹತ್ತಿದೆ.

"ಏನ್ರಿ ಮೇಡಂ, ಇದಕ್ಕ ಹಾಫ್ ಟಿಕೀಟೋ ಫುಲ್ಲೋ?" ಅಂತ ಡ್ರೈವರು ಕೇಳಿದರು.

"ನಿಮ್ಮ ಕೆಲಸ ಗೇರ್ ಹಾಕೂದು. ಹಾಕ್ರಿ," ಅಂದೆ.

ನಮ್ಮ ಮನೆ ಹಾರೂಗೇರಿಯ ಹೊರಗೆ, ಹೊಲದ ದಾರಿಯಲ್ಲಿದೆ. ಮನೆಯಲ್ಲಿ ನಾನು, ನಮ್ಮ ಅತ್ತೆ, ಎರಡು ಎಮ್ಮೆ. ಗಂಡ ಉಗಾರ ಖುರ್ದದ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾರೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಅಲ್ಲೇ ಇದ್ದು, ವಾರದ ರಜೆಗೆ ಮಾತ್ರ ಬರುತ್ತಾರೆ. ಹಾಗಾಗಿ ಆ ಮನೆಯ ಸರ್ಕಾರ ಅತ್ತೆಯದು. ವಿರೋಧ ಪಕ್ಷ ನಾನೊಬ್ಬಳೇ.

ಅತ್ತೆ ಮರಿಯನ್ನು ಮುಟ್ಟಲಿಲ್ಲ. ಅದು ಒಂದರ ಹಿಂದೊಂದು ಸೀನುವುದನ್ನು ಸೆರಗು ಬಾಯಿಗಿಟ್ಟುಕೊಂಡು ನೋಡಿದರು.

"ಇದು ಉಳಿಯೂದಿಲ್ಲ. ಬೆಕ್ಕು ಮನ್ಯಾಗ ಸತ್ರ ಬಂಗಾರದ ಬೆಕ್ಕು ಮಾಡಿಸಿ ದಾನ ಕೊಡಬೇಕಂತ ಗೊತ್ತೈತಿಲ್ಲ ನಿನಗ?"

"ಸಾಯಂಗಿಲ್ರಿ ಅತ್ಯಾರ."

"ಅಮಾಸಿ ತನಕಾ ನೋಡ್ತೀನಿ. ಆರಾಮಾತು, ಇರ್ಲಿ. ಇಲ್ಲಂದ್ರ ನನ್ನ ಮಗ ಬಂದಾಗ ಚೀಲದಾಗ ಹಾಕ್ಕೊಂಡು ಹೋಗಿ ಹೊಳಿ ಆಚಿ ಕಬ್ಬಿನಾಗ ಬಿಟ್ಟು ಬರ್ತಾನ. ಹೊರಗ ಸತ್ರ ನಮಗ ಪಾಪಿಲ್ಲ."

ಹೊರಗೆ ಸತ್ತರೆ ಪಾಪವಿಲ್ಲ. ಈ ಮಾತು ನನ್ನ ಮೈ ಉರಿಸಿತು. ಪಾಪಕ್ಕೂ ತಾಲ್ಲೂಕಿನ ಗಡಿ ಇರುತ್ತದೆಯೇ? ಅಂದೇ ನಿರ್ಧರಿಸಿಬಿಟ್ಟೆ, ಈ ಬೆಕ್ಕು ಬದುಕಬೇಕು, ಇದೇ ಮನೆಯಲ್ಲಿ ಬದುಕಬೇಕು, ಇವರ ಕಣ್ಣೆದುರಿಗೇ ಬದುಕಬೇಕು.

ಬೆಕ್ಕಿಗೇನು ನನ್ನ ನಿರ್ಧಾರ ಗೊತ್ತೇ? ಅದು ಅನ್ನಕ್ಕೆ ಬಾಯಿ ಹಾಕಲಿಲ್ಲ. ಹಾಲನ್ನಷ್ಟೇ ನೆಕ್ಕಿತು. ನೆಕ್ಕಿದ್ದು ನೀರಾಗಿ ಹಿಂದಿನಿಂದ ಹೋಯಿತು. ಜೋಳದ ಚೀಲದ ಸಂದಿಯಲ್ಲಿ ಹೋಯಿತು, ಒಲೆಯ ಪಕ್ಕ ಹೋಯಿತು, ಒಗೆದು ಮಡಿಚಿಟ್ಟ ನನ್ನ ಖಾಕಿ ಅಂಗಿಯ ಮೇಲೂ ಹೋಯಿತು. ಅತ್ತೆ ಪ್ರತಿ ಸಲವೂ ಬೂದಿ ತಂದು ಹಾಕಿದರು. ಪಕ್ಕದ ಮನೆಯವಳು ತಲೆನೋವಿನ ಗುಳಿಗೆ ತಂದು, "ಅರ್ಧಾ ಅರದು ಹಾಕು, ನೆಗಡಿ ಪಟ್ನ ಹೋಗ್ತೈತಿ" ಅಂದಳು. ಯಾರಾದರೂ ಹೀಗೆ ಮಾಡು ಅಂದರೆ ಮಾಡದಿರುವುದು ನನ್ನ ಹುಟ್ಟುಗುಣ. ಹಾಕಲಿಲ್ಲ.

ಮರುದಿನ ಪಶು ಆಸ್ಪತ್ರೆಗೆ ಒಯ್ದೆ. ಅಲ್ಲಿ ಎಮ್ಮೆ, ಹೋರಿ, ಆಡು ಹಿಡಿದುಕೊಂಡು ನಿಂತವರ ನಡುವೆ ನಾನು ಶಾಲಿನ ಗಂಟು ಹಿಡಿದು ನಿಂತಿದ್ದೆ. ಗಂಟು ಸೀನಿತು. ಸಾಲು ಪೂರ್ತಿ ನಕ್ಕಿತು. ನಗಲಿ. ಆಡಿಕೊಳ್ಳುವವರ ಬಾಯಿಗೆ ಬೀಗ ಹಾಕುತ್ತಾ ಕೂತರೆ ನಮ್ಮ ಕೆಲಸ ಆಗುವುದು ಯಾವಾಗ?

ಡಾಕ್ಟರು ಮರಿಯ ಬಾಯಿ ತೆರೆದು ನೋಡಿದರು, ಹೊಟ್ಟೆ ಒತ್ತಿದರು.

"ಹಾಲು ಹಾಕ್ತೀರೇನ್ರಿ?"

"ಹಾಲಿನ ಮನಿರಿ ನಮ್ದು."

"ಮೊದಲ ಅದನ್ನ ಬಂದ್ ಮಾಡ್ರಿ. ಎಮ್ಮಿ ಹಾಲು ಗಟ್ಟಿ, ಇದರ ಹೊಟ್ಟಿಗಿ ತಡ್ಯಾಂಗಿಲ್ಲ."

ಮೂಗು ಕಟ್ಟಿದ್ದರಿಂದ ಬೆಕ್ಕಿಗೆ ವಾಸನೆ ಸಿಗುತ್ತಿಲ್ಲ, ವಾಸನೆ ಸಿಗದ ತಿನಿಸಿಗೆ ಬೆಕ್ಕು ಬಾಯಿ ಹಾಕುವುದಿಲ್ಲ, ಉಪ್ಪು ಖಾರ ಇಲ್ಲದೆ ಕೋಳಿ ಬೇಯಿಸಿ ಬೆಚ್ಚಗೆ ಕೊಡಿ ಅಂದರು. ಕಣ್ಣಿಗೆ ಹನಿ, ಬಾಯಿಗೆ ಔಷಧಿ ಕೊಟ್ಟರು. ತಲೆನೋವಿನ ಗುಳಿಗೆಯ ಮಾತು ತೆಗೆದಾಗ ಮಾತ್ರ ಅವರ ಮುಖ ಬಿಗಿಯಾಯಿತು. "ಅದನ್ನೇನರ ಹಾಕಿದ್ರ ಇಷ್ಟೊತ್ತಿಗಿ ಮಣ್ಣು ಮಾಡಿರತಿದ್ರಿ." ನನ್ನ ಹುಟ್ಟುಗುಣದ ಬಗ್ಗೆ ಜೀವನದಲ್ಲಿ ಮೊದಲ ಸಲ ನನಗೆ ಹೆಮ್ಮೆಯಾಯಿತು.

ಮನೆಗೆ ಬಂದು ಹಾಲು ಬಂದ್ ಅಂದಾಗ ಅತ್ತೆ ಹಾಲಿನ ಕ್ಯಾನು ತೊಳೆಯುತ್ತಿದ್ದರು. ತೊಳೆಯುವುದನ್ನು ನಿಲ್ಲಿಸಿದರು.

"ನಮ್ಮ ಎಮ್ಮಿ ಹಾಲಿಗೆ ಹೆಸರಿಟ್ನ ಅವ? ಈ ಹಾಲು ಕುಡದು ನನ್ನ ಮಗ ಬೆಳದಾನ!"

"ನಿಮ್ಮ ಮಗ ಬೆಕ್ಕಲ್ರಿ ಅತ್ಯಾರ."

ನಾನು ತಪ್ಪು ಹೇಳಲಿಲ್ಲ. ಆದರೂ ಆ ಸಂಜೆ ನನ್ನ ರೊಟ್ಟಿಗೆ ಪಲ್ಯ ಸಿಗಲಿಲ್ಲ.

ರಜೆ ಕೇಳಲು ಡಿಪೋಗೆ ಹೋದೆ. ಯಾಕೆ ಅಂತ ಸಾಹೇಬರು ಕೇಳಿದರು. ಬೆಕ್ಕಿಗೆ ನೆಗಡಿ, ಹೊಟ್ಟೆ ಕೆಟ್ಟಿದೆ, ನೋಡಿಕೊಳ್ಳಲು ಯಾರೂ ಇಲ್ಲ ಅಂದೆ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಅವರು ಒದೆಯಲಿಲ್ಲ, ಕುರ್ಚಿಯಲ್ಲಿ ಹಿಂದಕ್ಕೆ ವಾಲಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಮಗಳಿಗಿ ಜ್ವರಾ ಅನ್ರಿ ಮೇಡಂ, ಕೊಡ್ತೀನಿ" ಅಂದರು. ನನಗೆ ಮಕ್ಕಳಿಲ್ಲ, ಅದು ಅವರಿಗೂ ಗೊತ್ತು. "ಬೆಕ್ಕಿಗಿ ನೆಗಡಿ ಅಂತನ ಕೊಡ್ರಿ," ಅಂದೆ. ಅವರ ನಗು ನಿಂತಿತು. ರಜೆ ಸಿಕ್ಕಿತು.

ಬಚ್ಚಲಲ್ಲಿ ಬಿಸಿನೀರಿನ ಹಂಡೆಯ ಪಕ್ಕ ಮರಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದೆ. ಹಬೆಗೆ ಅದರ ಮೂಗು ಸಡಿಲಾಗುತ್ತಿತ್ತು. ಬೆಚ್ಚನೆಯ ನೀರಲ್ಲಿ ಅದ್ದಿದ ಹತ್ತಿಯಿಂದ ಕಣ್ಣು ಒರೆಸಿದರೆ ಗೀಜು ಬಿಟ್ಟುಕೊಂಡು ಒಳಗಿನಿಂದ ಹಸಿರು ಕಣ್ಣು ಹೊರಗೆ ಬರುತ್ತಿತ್ತು. ಆ ಕಣ್ಣಿನಲ್ಲಿ ಕೃತಜ್ಞತೆ ಇತ್ತು ಅಂತ ಬರೆದರೆ ಸುಳ್ಳಾದೀತು. ಶುದ್ಧ ಸಿಟ್ಟಿತ್ತು. ಔಷಧಿ ಹಾಕುವಾಗ ಪರಚುತ್ತಿತ್ತು. ನನಗೆ ಅದರ ಮೇಲೆ ಪ್ರೀತಿ ಹುಟ್ಟಿದ್ದೇ ಆ ಪರಚಾಟದಿಂದ. ಇಷ್ಟು ನಿತ್ರಾಣದಲ್ಲೂ ತಲೆ ಬಾಗಿಸದ ಜೀವ ಇನ್ನೊಂದನ್ನು ನಾನು ಆ ಮನೆಯಲ್ಲಿ ಕಂಡಿರಲಿಲ್ಲ, ನನ್ನನ್ನು ಬಿಟ್ಟರೆ.

ನೆಗಡಿ ಇಳಿಯಿತು. ಕೋಳಿಯ ಬಿಸಿ ಚೂರು ಮೂಗಿನ ಹತ್ತಿರ ಹಿಡಿದರೆ ಮೂಸಿ, ತಿಂದಿತು. ಹೊಟ್ಟೆ ಮಾತ್ರ ಹತೋಟಿಗೆ ಬರಲಿಲ್ಲ. ಎತ್ತಿದರೆ ಹಗುರ, ಬೆನ್ನು ಮೂಳೆ ಕೈಗೆ ತಾಗುತ್ತಿತ್ತು. ಡಾಕ್ಟರು ತಪ್ಪಿದರೇ? ಔಷಧಿ ತಪ್ಪಿತೇ? ಅಮಾವಾಸ್ಯೆ ಹತ್ತಿರ ಬರುತ್ತಿತ್ತು. ನನ್ನ ಹಠವೇ ಇದನ್ನು ಕೊಲ್ಲುತ್ತದೇನೋ ಅಂತ ಮೊದಲ ಸಲ ಹೆದರಿದೆ.

ಒಂದು ಬೆಳಿಗ್ಗೆ ಎದ್ದಾಗ ಮರಿ ಹಾಸಿಗೆಯಲ್ಲಿರಲಿಲ್ಲ. ಹುಡುಕುತ್ತಾ ಕೊಟ್ಟಿಗೆಗೆ ಹೋದೆ. ಅತ್ತೆ ಎಮ್ಮೆ ಹಿಂಡುತ್ತಿದ್ದರು. ಮರಿ ಅವರೆದುರು ಹಿಂಗಾಲ ಮೇಲೆ ನಿಂತು ಬಾಯಿ ತೆರೆದಿತ್ತು. ಅವರು ಮೊಲೆಯನ್ನು ಓರೆ ಮಾಡಿ, ಹಾಲಿನ ಧಾರೆಯನ್ನು ನೇರವಾಗಿ ಅದರ ಬಾಯಿಗೆ ಬಿಡುತ್ತಿದ್ದರು. ಗುರಿ ಒಂದಿಷ್ಟೂ ತಪ್ಪುತ್ತಿರಲಿಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಲೋಕಕ್ಕೆ ಕಾಣುವುದಿಲ್ಲವೇ ಅನ್ನುತ್ತಾರೆ. ಇಲ್ಲಿ ಲೋಕಕ್ಕೆ ಕಾಣದು ಅಂದುಕೊಂಡವರು ಕುಡಿಸುವವರು.

"ಅತ್ಯಾರ! ನೀವ ಕೊಲ್ಲಾಕತ್ತೀರಿ ಇದನ್ನ!"

ಅವರು ಬೆಚ್ಚಿದರು. ಆದರೆ ಎಮ್ಮೆ ಬೆದರೀತೆಂದು ದನಿ ಏರಿಸಲಿಲ್ಲ.

"ಹಿಂಡೂ ಮುಂದ ಬಾಯಿ ತಗದು ನಿಂತದ್ದಕ್ಕ ಇಲ್ಲ ಅನಬಾರ್ದು. ನಮ್ಮ ಅತ್ತಿ ನನಗ ಹೇಳಿಕೊಟ್ಟಾಳ. ಇಲ್ಲ ಅಂದ್ರ ಎಮ್ಮಿ ಬತ್ತತೈತಿ. ನಾ ಏನ ಮಾಡ್ಲಿ? ದಿನಾ ಬಂದು ನಿಂದರತೈತಿ."

ಮರಿಯನ್ನು ಮುಟ್ಟದವರು ದಿನಾ ಉಣಿಸಿದ್ದರು. ಚೀಲದಲ್ಲಿ ಕಳಿಸುತ್ತೇನೆ ಎಂದವರಿಗೆ ಇಲ್ಲ ಅನ್ನಲು ಬಾಯಿ ಬಂದಿರಲಿಲ್ಲ. ನನಗೆ ಕರುಣೆ ಬರಬೇಕಿತ್ತು. ಬಂದದ್ದು ಸಿಟ್ಟು.

"ಹಂಗಾರ ಕೇಳ್ರಿ. ಇದು ಸತ್ರ ಬಂಗಾರದ ಬೆಕ್ಕು ನೀವ ಮಾಡಸಬೇಕು. ನಿಮ್ಮ ಕೈಲೆ ಸತ್ತಂಗ ಆತು."

ಅತ್ತೆಯ ಕೈ ಮೊಲೆಯ ಮೇಲೇ ನಿಂತುಬಿಟ್ಟಿತು. ಹಿಂಡುವುದು ನಿಂತರೆ ಎಮ್ಮೆ ಹಾಲು ಇಳಿಸುವುದನ್ನು ನಿಲ್ಲಿಸುತ್ತದೆ, ಒದೆಯುತ್ತದೆ. ಮರಿ ಇನ್ನೂ ಬಾಯಿ ತೆರೆದೇ ನಿಂತಿತ್ತು. ಇಲ್ಲ ಅಂದರೆ ಎಮ್ಮೆ ಹೋಯಿತು, ಹೂಂ ಅಂದರೆ ಬೆಕ್ಕು ಹೋಯಿತು. ಅವರು ನನ್ನ ಕಡೆ ನೋಡಿದರು. ಅಷ್ಟು ವರ್ಷಗಳಲ್ಲಿ ಅವರು ನನ್ನನ್ನು ಏನಾದರೂ ಕೇಳಿದಂತೆ ನೋಡಿದ್ದು ಅದೇ ಮೊದಲು.

ನಾನು ಮರಿಯನ್ನು ಎತ್ತಿ ಕಂಕುಳಲ್ಲಿ ಇರುಕಿಕೊಂಡು, ಅದು ನಿಂತಿದ್ದ ಜಾಗದಲ್ಲೇ ಕೂತೆ.

"ಇದರ ಪಾಲು ನಾ ಕುಡೀತೀನಿ. ಹಾಕ್ರಿ."

"ಹುಚ್ಚಿಗಿಚ್ಚಿ ಹಿಡದೈತೇನ ನಿನಗ?"

"ಬಾಯಿ ತಗದು ಕುಂತೀನಿ. ಇಲ್ಲ ಅನಬಾರ್ದಲ್ರಿ?"

ಬಾಯಿ ತೆರೆದೆ. ಅತ್ತೆ ಒಂದು ಕ್ಷಣ ನೋಡಿದರು, ಧಾರೆ ಬಿಟ್ಟರು. ಮೊದಲನೆಯದು ಕೆನ್ನೆಗೆ ಬಿತ್ತು, ಬೇಕೆಂದೇ ಬಿಟ್ಟಿದ್ದರೇನೋ. ಎರಡನೆಯದು ನಾಲಿಗೆಗೆ ಬಂತು. ಬಿಸಿ, ಸಿಹಿ, ನೊರೆ ನೊರೆ. ಆ ಮನೆಯಲ್ಲಿ ಹಾಲೆಲ್ಲ ಡೇರಿಗೆ ಹೋಗುತ್ತದೆ. ಸೊಸೆಯಾಗಿ ಬಂದಾಗಿನಿಂದ ನಾನು ಅದನ್ನು ಚಹಾದ ಬಣ್ಣದಲ್ಲಿ ಮಾತ್ರ ಕಂಡಿದ್ದೆ. ಕಣ್ಣಲ್ಲಿ ನೀರು ಬಂತು. ಅದಕ್ಕೂ ನನಗೆ ಸಿಟ್ಟು ಬಂತು.

ಆಮೇಲೆ ಬೆಳಿಗ್ಗೆ ಸಂಜೆ ಇದೇ ನಡೆಯಿತು. ಮರಿಯನ್ನು ಕೋಣೆಯಲ್ಲಿ ಕೂಡಿಹಾಕಿ ನಾನು ಕೊಟ್ಟಿಗೆಗೆ ಹೋಗುತ್ತಿದ್ದೆ. ನಮ್ಮಿಬ್ಬರ ನಡುವೆ ಮಾತಿರಲಿಲ್ಲ, ಹಾಲಿತ್ತು. ಮರಿಯ ಹೊಟ್ಟೆ ನಿಧಾನವಾಗಿ ಕಟ್ಟತೊಡಗಿತು.

ಅಮಾವಾಸ್ಯೆಯ ಹಿಂದಿನ ದಿನ ಗಂಡ ಬಂದರು, ಬಗಲಲ್ಲಿ ಖಾಲಿ ಗೋಣಿಚೀಲ. ಅವ್ವನ ಮಾತು ಮೀರಿದವರಲ್ಲ. ಮರಿ ಇನ್ನೂ ಪೂರ್ತಿ ಗುಣವಾಗಿರಲಿಲ್ಲ, ಅವರು ಒಳಗೆ ಕಾಲಿಡುವಾಗಲೇ ಎರಡು ಸಲ ಸೀನಿತು. ಗಡುವಿನ ಲೆಕ್ಕದಲ್ಲಿ ನಾನು ಸೋತಿದ್ದೆ. ಆದರೂ ಬಾಗಿಲಿಗೆ ಅಡ್ಡ ನಿಂತೆ.

"ಮುಟ್ಟಿ ನೋಡ್ರಿ ಅದನ್ನ," ಅಂದೆ.

ಅವರು ಅವ್ವನ ಕಡೆ ನೋಡಿದರು. ಅತ್ತೆ ಹಾಲು ಸೋಸುತ್ತಿದ್ದರು, ತಲೆ ಎತ್ತಲಿಲ್ಲ.

"ಒಯ್ಯೂದಿದ್ರ ಇಬ್ಬರನ್ನೂ ಒಯ್ಯಿ. ಅದರ ಪಾಲು ಕುಡದಾಕಿ ಇಕಿ. ಇಕಿ ಕೊಟಗ್ಯಾಗ ಬಂದು ಕುಂಡ್ರಲಿಲ್ಲಂದ್ರ ನನ್ನ ಎಮ್ಮಿ ಬತ್ತತಾವ."

ಗಂಡನಿಗೆ ಏನೂ ಅರ್ಥವಾಗಲಿಲ್ಲ. ಚೀಲ ಹಿಡಿದುಕೊಂಡು ನಿಂತೇ ಇದ್ದರು. ಆ ಮನೆಯಲ್ಲಿ ನನ್ನ ಪರವಾಗಿ ಅತ್ತೆ ಆಡಿದ ಮೊದಲ ಮಾತು ಅದು, ಅದನ್ನೂ ಎಮ್ಮೆಯ ಹೆಸರಿನಲ್ಲೇ ಆಡಿದ್ದರು. ಇರಲಿ. ನಾನು ಗಂಡನ ಕೈಯಿಂದ ಚೀಲ ಕಿತ್ತುಕೊಂಡು, ಎರಡು ಮಡಿಕೆ ಮಾಡಿ, ಒಲೆಯ ಪಕ್ಕ ಬೆಚ್ಚಗಿದ್ದ ಜಾಗದಲ್ಲಿ ಬೆಕ್ಕಿಗೆ ಹಾಸಿದೆ.